ಬಾಯಿಮಾತಿನ ಪ್ರಾರ್ಥನೆ

"ನಿಮಗೋಸ್ಕರ ಪ್ರಾರ್ಥನೆ ಮಾಡ್ತೀನಿ" ಎಂಬ ಮಾತನ್ನು ನಾನು ಈ ಎಪ್ಪತ್ತನಾಲ್ಕು ವರ್ಷಗಳಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೋ. ನಮ್ಮ ಕ್ರೈಸ್ತರ ಮನೆಗಳಲ್ಲಿ ಅದು "ಹೋಗಿ ಬನ್ನಿ" ಎನ್ನುವಷ್ಟೇ ಸಲೀಸು. ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದಾಗ ಸಿಸ್ಟರುಗಳು ನಮ್ಮಿಂದ ಮನೆಗೆ ಬರೆಸುತ್ತಿದ್ದ ಕಾಗದಗಳೆಲ್ಲ ಅದೇ ಸಾಲಿನಲ್ಲಿ ಮುಗಿಯುತ್ತಿದ್ದವು. ಐ ಪ್ರೇ ಫಾರ್ ಯು ಡೈಲಿ, ಯುವರ್ ಲವಿಂಗ್ ಡಾಟರ್. ಆ ಸಾಲಿಲ್ಲದೆ ಕವರ್ ಅಂಟಿಸುವ ಹಾಗೇ ಇರಲಿಲ್ಲ. ಅಭ್ಯಾಸ ಮೊದಲು ಕೈಗೆ ಬಂತು, ಆಮೇಲೆ ಬಾಯಿಗೆ ಬಂತು. ಯಾರಿಗೋ ಜ್ವರ, ಯಾರಿಗೋ ಆಪರೇಷನ್, ಯಾರದೋ ಮಗಳಿಗೆ ಗಂಡು ಸಿಕ್ಕಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರ ಕೈ ಹಿಡಿದು ಅಷ್ಟು ಹೇಳಿ ಬಸ್ಸು ಹತ್ತಿದರೆ, ಟಿಕೆಟ್ ತೆಗೆದುಕೊಳ್ಳುವ ಹೊತ್ತಿಗೆ ಮರೆತೇ ಹೋಗಿರುತ್ತಿತ್ತು. ಅದನ್ನು ಸುಳ್ಳೆಂದು ನಾನು ಯಾವತ್ತೂ ಭಾವಿಸಿರಲಿಲ್ಲ. ಮ್ಯಾನರ್ಸ್ ಎಂದುಕೊಂಡಿದ್ದೆ.

ಆ ಮ್ಯಾನರ್ಸ್‌ನಿಂದ ಒಬ್ಬ ಮನುಷ್ಯನ ಪಾದ ಹೋಯಿತು. ಅದನ್ನು ಬರೆದಿಡಬೇಕೆಂದು ಕೂತಿದ್ದೇನೆ.

ನಾನು ತಿಪಟೂರಿನವಳೇ. ಅಪ್ಪ ರೈಲ್ವೆಯಲ್ಲಿದ್ದರು. ನನ್ನನ್ನು ಓದಿಗೆಂದು ದೂರದ ಕಾನ್ವೆಂಟಿಗೆ ಹಾಕಿದರು, ಮದುವೆಯಾಗಿ ಮತ್ತೆ ಇಲ್ಲಿಗೇ ಬಂದೆ. ಗಂಡ ಕಾಲೇಜಿನಲ್ಲಿ ಲೆಕ್ಚರರ್, ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಸುತ್ತಲೂ ವಿಭೂತಿ ಧರಿಸುವ ಮನೆಗಳು, ನಡುವೆ ನಮ್ಮದೊಂದು ಶಿಲುಬೆಯ ಮನೆ. ಅದರಿಂದ ತೊಂದರೆಯೇನೂ ಆಗಲಿಲ್ಲ. ಅವರ ಹಬ್ಬಕ್ಕೆ ನಮಗೆ ಹೋಳಿಗೆ, ನಮ್ಮ ಹಬ್ಬಕ್ಕೆ ಅವರಿಗೆ ಕೇಕು. ರಿಟೈರ್ ಆದಮೇಲೆ ತುರುವೇಕೆರೆ ರಸ್ತೆಯಲ್ಲಿ ಎರಡೆಕರೆ ತೆಂಗಿನ ತೋಟ, ಅದರಲ್ಲೊಂದು ಮನೆ ಮಾಡಿಕೊಂಡೆವು. ತೋಟದ ಹುಚ್ಚು ಅವರಿಗೆ. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ, ಅಷ್ಟೇ.

ಮೂರು ವರ್ಷದ ಹಿಂದೆ ಅವರು ಹೋದರು. ಲಿವರ್. ಏಳು ತಿಂಗಳು ಮಲಗಿದ್ದರು. ಆ ಏಳು ತಿಂಗಳು ನಾನು ಪ್ರಾರ್ಥಿಸಿದ ಹಾಗೆ ಜನ್ಮದಲ್ಲಿ ಪ್ರಾರ್ಥಿಸಿರಲಿಲ್ಲ. ಜಪಸರದ ಮಣಿಗಳು ಬೆರಳಲ್ಲಿ ಗುಳಿ ಮಾಡಿದ್ದವು. ಅವರು ಹೋದ ಮೇಲೆ ಒಂದು ದಿನ ಮಂಚದ ಪಕ್ಕ ಮೊಣಕಾಲೂರಿ ಕೂತೆ. ಬಾಯಿ ತೆರೆದರೆ ಒಂದು ಮಾತೂ ಹೊರಡಲಿಲ್ಲ. ಸಿಟ್ಟಲ್ಲ, ಅನುಮಾನವೂ ಅಲ್ಲ. ಟೆಲಿಫೋನ್ ಎತ್ತಿದಾಗ ಡಯಲ್ ಟೋನೇ ಬರುವುದಿಲ್ಲವಲ್ಲ, ಹಾಗೆ. ಲೈನ್ ಡೆಡ್. ಎದ್ದು ಹಾಸಿಗೆ ಸರಿಮಾಡಿ ಮಲಗಿದೆ. ಮತ್ತೆ ಕೂರಲಿಲ್ಲ.

ಚರ್ಚಿಗೆ ಮಾತ್ರ ತಪ್ಪಿಸಲಿಲ್ಲ. ನಮ್ಮದು ಚಿಕ್ಕ ಸಭೆ. ಒಂದು ಭಾನುವಾರ ಕಾಣದಿದ್ದರೆ ಮಧ್ಯಾಹ್ನದೊಳಗೆ ನಾಲ್ಕು ಫೋನು ಬರುತ್ತವೆ. ಹಾಗಾಗಿ ಫ್ಯಾನಿನ ಕೆಳಗಿನ ಮೂರನೆಯ ಬೆಂಚಿನಲ್ಲಿ ಕೂತು, ಏಳುವಾಗ ಎದ್ದು, ಹಾಡುವಾಗ ಬಾಯಾಡಿಸಿ ಬರುತ್ತಿದ್ದೆ. ಬರಿಯ ಅಟೆಂಡೆನ್ಸ್. ಯಾರಿಗೂ ಗೊತ್ತಾಗಲಿಲ್ಲ. ನಾನೇ ಎಲ್ಲರಿಗಿಂತ ಜೋರಾಗಿ "ನಿಮಗೋಸ್ಕರ ಪ್ರಾರ್ಥನೆ ಮಾಡ್ತೀನಿ" ಎನ್ನುತ್ತಿದ್ದೆ.

ನಮ್ಮ ತೋಟಕ್ಕೆ ವಾರದಲ್ಲಿ ಎರಡು ದಿನ, ಬುಧವಾರ ಮತ್ತು ಶನಿವಾರ, ಒಬ್ಬಳು ಹೆಂಗಸು ಬರುತ್ತಾಳೆ. ವಯಸ್ಸು ನಲವತ್ತೈದರ ಆಸುಪಾಸು. ಮನೆ ಗುಡಿಸಿ ಸಾರಿಸಿ, ಆಮೇಲೆ ಹಿಂದಿನ ಕೊಟ್ಟಿಗೆಯಲ್ಲಿ ಕೊಬ್ಬರಿ ಕೆಲಸ. ನಮ್ಮ ಕಡೆ ಕಾಯಿಯನ್ನು ಒಡೆದು ಒಣಗಿಸುವುದಿಲ್ಲ. ಇಡಿಯಾಗಿ ಅಟ್ಟದ ಮೇಲೆ ಹರಡಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ತಾನೇ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಆಗಿದೆಯೋ ಇಲ್ಲವೋ ತಿಳಿಯಲು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಅವಳ ಕಿವಿ ತಪ್ಪಿದ್ದನ್ನು ನಾನು ನೋಡಿಲ್ಲ. "ಇದು ಇನ್ನೂ ಅಳ್ತೈತೆ, ಬುಡಿ" ಎಂದು ನೀರಿರುವುದನ್ನು ಪಕ್ಕಕ್ಕಿಡುತ್ತಿದ್ದಳು. ನನ್ನನ್ನು ಕರೆಯುವುದು ಟೀಚರಮ್ಮ ಎಂದು. ಶಾಲೆಯ ಮುಖ ಕಂಡವಳಲ್ಲ, ಆದರೂ ಹಾಗೇ.

ಅವಳ ಗಂಡ ಮರ ಹತ್ತುವವನು. ಕಾಲಿಗೆ ಹಗ್ಗದ ಬಳೆ ಹಾಕಿಕೊಂಡು ಏರಿದರೆ ಕೆಳಗಿನವರು ಕತ್ತೆತ್ತುವುದರೊಳಗೆ ಸುಳಿಯಲ್ಲಿರುತ್ತಿದ್ದ. ಮೇಲಿನಿಂದಲೇ ತಮಾಷೆ. "ಟೀಚರಮ್ಮ, ಇಲ್ಲಿಂದ ನಿಮ್ ಸ್ವಾಮಿ ಮನೆ ಕಾಣ್ತೈತೆ ಕಣ್ರೀ, ಏನಾದ್ರೂ ಹೇಳೋದೈತಾ?" ಎಂದು ಕೂಗುತ್ತಿದ್ದ. ಕಳೆದ ವರ್ಷ ಮಳೆ ಹಿಡಿದ ದಿನಗಳಲ್ಲಿ ಕಂದಿಕೆರೆ ಕಡೆಯ ಯಾರದೋ ತೋಟದಲ್ಲಿ ಒದ್ದೆ ಮರದಿಂದ ಜಾರಿ ಬಿದ್ದ. ಬೆನ್ನು ಮುರಿಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಒಂದೂವರೆ ತಿಂಗಳಿದ್ದು ಬಂದಾಗ ಸೊಂಟದ ಕೆಳಗೆ ಏನೂ ಗೊತ್ತಾಗುತ್ತಿರಲಿಲ್ಲ. ಮಲಗಿ ಮಲಗಿ ಎಡ ಹಿಮ್ಮಡಿಯಲ್ಲಿ ಹುಣ್ಣಾಗಿತ್ತು. ವಾರಕ್ಕೊಮ್ಮೆ, ಸೋಮವಾರ, ತಿಪಟೂರಿನ ಆಸ್ಪತ್ರೆಗೆ ಕರೆತಂದು ಡ್ರೆಸ್ಸಿಂಗ್ ಮಾಡಿಸಲೇಬೇಕೆಂದು ಡಾಕ್ಟರ್ ಹೇಳಿ ಕಳಿಸಿದ್ದರು. ಇದೆಲ್ಲ ಅವಳೇ ನನಗೆ ಹೇಳಿದ್ದು. ಚೀಟಿಯನ್ನೂ ನನ್ನಿಂದಲೇ ಓದಿಸಿದ್ದಳು.

ಅವಳು ಕೆಲಸಕ್ಕೆ ಮರಳಿದ ಮೊದಲ ಬುಧವಾರ. ಕೊಟ್ಟಿಗೆಯಲ್ಲಿ ಕಾಯಿ ಆರಿಸುತ್ತಾ, ತಲೆಯೆತ್ತದೆ ಕೇಳಿದಳು.

"ಟೀಚರಮ್ಮ, ನಿಮ್ ಸ್ವಾಮಿ ಕುಂಟ್ರನ್ನೆಲ್ಲ ಎಬ್ಬಿಸಿ ನಡೆಸ್ತಿದ್ನಂತೆ, ಹೌದಾ?"

"ಯಾರು ಹೇಳಿದ್ರು ನಿಂಗೆ?"

"ಆಸ್ಪತ್ರೇಲಿ ಪಕ್ಕದ ಮಂಚದೋರು. ನಿಮ್ ಜನವೇ."

"ಹೂಂ. ಹಾಗಂತ ಬರೆದಿದೆ."

"ಬರ್ದಿರೋದು ಬುಡಿ. ಬರ್ದಿರೋದು ನಂಗೇನ್ ಓದಕ್ ಬತ್ತದಾ? ನೀವ್ ಏನಂತೀರಾ?"

ನಾನು ಏನನ್ನಬಹುದಿತ್ತು? ಎರಡು ವರ್ಷದಿಂದ ನಾನೇ ಮಾತಾಡಿಲ್ಲ ಎನ್ನಬಹುದಿತ್ತು. ಬದಲಿಗೆ ಅಭ್ಯಾಸದ ನಾಲಿಗೆ ಹೊರಳಿತು. "ನಿನ್ನ ಗಂಡನಿಗೋಸ್ಕರ ಪ್ರಾರ್ಥನೆ ಮಾಡ್ತೀನಿ ಕಣಮ್ಮ" ಎಂದೆ.

ಬೇರೆ ಯಾರಾದರೂ ಆಗಿದ್ದರೆ ಥ್ಯಾಂಕ್ಸ್ ಹೇಳಿ ಅಲ್ಲಿಗೆ ಬಿಡುತ್ತಿದ್ದರು. ಇವಳು ಕೈಯಲ್ಲಿದ್ದ ಕಾಯಿ ಕೆಳಗಿಟ್ಟು, "ಎಷ್ಟ್ ದಿನ ಮಾಡ್ತೀರಾ?" ಎಂದು ಕೇಳಿದಳು.

ಇಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ. ನಮ್ಮಲ್ಲಿ ನೊವೇನ ಎಂದು ಒಂಬತ್ತು ದಿನದ ಪ್ರಾರ್ಥನೆಯಿದೆ. ಕೆಲವರು ಅದನ್ನು ಒಂಬತ್ತು ವಾರ ಮಾಡುತ್ತಾರೆ. ಥಟ್ಟನೆ ಅದೇ ನೆನಪಾಗಿ, "ಒಂಬತ್ತು ಶುಕ್ರವಾರ. ಮೇಣದಬತ್ತಿ ಹಚ್ಚಿ ಮಾಡ್ತೀನಿ" ಎಂದುಬಿಟ್ಟೆ. ಅವಳು ಹೆಬ್ಬೆರಳನ್ನು ಗೆಣ್ಣಿನಿಂದ ಗೆಣ್ಣಿಗೆ ಓಡಿಸಿ ಒಂಬತ್ತು ಎಣಿಸಿದಳು.

"ಅಂಗಾರೆ ನಾನೂ ಒಂಬತ್ತು ಶುಕ್ರವಾರ ಒಂದೊತ್ತು ಇರ್ತೀನಿ. ಒಬ್ರೇ ಹೊತ್ರೆ ಭಾರ ಅಲ್ವಾ?"

ಒಂದೊತ್ತು ಅಂದರೆ ದಿನಕ್ಕೆ ಒಂದೇ ಊಟ. ಸೋಮವಾರವೋ ಏಕಾದಶಿಯೋ ಅವರಿಗೆ ಅದು ಹೊಸದಲ್ಲ. "ನಿಂಗ್ಯಾಕಮ್ಮ, ನೀನು ದುಡಿಯೋಳು" ಎಂದು ನಾನು ಒಣ ಉಪಚಾರ ಮಾಡಿದೆ. ಅವಳು ಕೇಳಲಿಲ್ಲ.

ಮೊದಲ ಶುಕ್ರವಾರ ಸಂಜೆ ಮೇಣದಬತ್ತಿಯ ಡಬ್ಬಿ ತೆಗೆದೆನೆಂಬುದು ನಿಜ. ಟೇಬಲ್ಲಿನ ಮೇಲೆ ಇಟ್ಟೆ. ಕೂತೆ. ಐದು ನಿಮಿಷ ಕೂತಿರಬಹುದು. ಬಾಯಿಪಾಠದ ಇಂಗ್ಲಿಷ್ ಪ್ರಾರ್ಥನೆಯನ್ನು ಮನಸ್ಸಿನಲ್ಲೇ ಶುರುಮಾಡಿದೆ, ಅರ್ಧಕ್ಕೆ ಅದು ಮಕ್ಕಳ ರೈಮಿನ ಹಾಗೆ ಕೇಳಿಸತೊಡಗಿತು. ಡಬ್ಬಿ ಮತ್ತೆ ಒಳಗಿಟ್ಟು ಟಿವಿ ಹಾಕಿದೆ. ಎರಡನೆಯ ಶುಕ್ರವಾರ ಅಷ್ಟೂ ಇಲ್ಲ. ಮೈಸೂರಿನಿಂದ ಚಿಕ್ಕಮ್ಮನ ಮಗಳ ಫೋನು ಬಂತು. ಅವಳ ಮಂಡಿನೋವಿನ ಕಥೆ ಮುಗಿಯುವುದರೊಳಗೆ ಊಟದ ಹೊತ್ತು. ನಿಜ ಹೇಳಬೇಕೆಂದರೆ ನಾನು ಮರೆತಿದ್ದೆ. ಅವತ್ತು ರಾತ್ರಿ ಚಪಾತಿ ಮಾಡಿಕೊಂಡು ತಿಂದೆ. ಅವಳು ನನ್ನ ಮಾತಿನ ಮೇಲೆ ಖಾಲಿ ಹೊಟ್ಟೆಯಲ್ಲಿ ಮಲಗಿದ್ದಳು.

ಶನಿವಾರ ಬೆಳಗ್ಗೆ ಪೊರಕೆ ಹಿಡಿದುಕೊಂಡೇ ಕೇಳುತ್ತಿದ್ದಳು. "ಮಾಡಿದ್ರಾ?"

"ಹೂಂ."

ಆ "ಹೂಂ" ಎಷ್ಟು ಸಣ್ಣದು. ಅದನ್ನು ಹೇಳಲು ತುಟಿ ತೆರೆಯಬೇಕಾಗಿಯೂ ಇಲ್ಲ.

ಮೂರನೆಯ ಶನಿವಾರ ಬಂದವಳ ಮುಖದಲ್ಲಿ ಬೆಳಕೇ ಬೆಳಕು. ಗೇಟಿನಿಂದಲೇ ಶುರುಮಾಡಿದಳು.

"ಅಲ್ಲಾಡ್ತು ಟೀಚರಮ್ಮ! ನೆನ್ನೆ ಸಂಜೆ, ನೀವ್ ಮಾಡೋ ಹೊತ್ಗೆ ಸರ್ಯಾಗಿ. ಎಡಗಾಲ್ ಹೆಬ್ಬೆಟ್ಟು. ನಾನೂ ನೋಡ್ದೆ, ಅವ್ರೂ ನೋಡಿದ್ರು."

ಬೆನ್ನು ಮುರಿದವರ ಕಾಲು ಒಮ್ಮೊಮ್ಮೆ ತಾನಾಗಿ ಸೆಟೆಯುತ್ತದೆ, ಅದು ಗುಣವಾಗುವ ಲಕ್ಷಣವಲ್ಲ ಎಂದು ಆಸ್ಪತ್ರೆಯ ಚೀಟಿಯಲ್ಲೇ ಇತ್ತು. ಓದಿ ಹೇಳಿದ್ದವಳೇ ನಾನು. ಈಗ ಬಾಯಿ ಬಿಡಲಿಲ್ಲ. ಅವಳು ಸೆರಗಿನ ಗಂಟು ಬಿಚ್ಚಿ ಒಂದು ಪೊಟ್ಟಣ ತೆಗೆದು ನನ್ನ ಕೈಗಿಟ್ಟಳು. ಕರೆಂಟು ಹೋದಾಗ ಹಚ್ಚುವ ಮೇಣದಬತ್ತಿ, ಆರು ಇದ್ದವು.

"ಬಾಕಿ ವಾರಕ್ಕೆ ನಂದೇ ಹಚ್ಚಿ. ಅಂಗಡಿಯೋನು ನಕ್ಕ, ಏನವ್ವ ನಿಮ್ಮೂರ್ನಾಗೆ ಅಷ್ಟೊಂದ್ ಕರೆಂಟ್ ತೆಗೀತಾರಾ ಅಂತ."

ನಾನೂ ನಕ್ಕೆ. ನಗು ಮುಗಿಸಲು ಏನಾದರೂ ಕೇಳಬೇಕಲ್ಲ ಎಂದು, "ಸೋಮವಾರ ಡ್ರೆಸ್ಸಿಂಗಿಗೆ ಕರ್ಕೊಂಡು ಹೋಗಿದ್ಯಾ? ಡಾಕ್ಟರ್ ಏನಂದ್ರು?" ಎಂದೆ.

"ಎಲ್ಲಿ ಹೋಗ್ಲಿ? ವ್ರತ ಹಿಡ್ದೀವಲ್ಲ. ಮೊದಲ್ನೇ ಶುಕ್ರವಾರದಿಂದ್ಲೂ ಅವರನ್ನ ಹೊಸಿಲು ದಾಟಿಸಿಲ್ಲ. ನಡುವೆ ದಾಟಿದ್ರೆ ಮುರೀತದೆ. ಒಂಬತ್ತಾದ್ ಮೇಲೆ ಹೋದ್ರಾಯ್ತು. ಅಷ್ಟೊತ್ಗೆ ನಡ್ಕೊಂಡೇ ಬತ್ತಾರೋ ಏನೋ."

ಮನೆಯಲ್ಲೇ ಹಳೆ ಸೀರೆಯ ಚೂರು ಸುತ್ತಿ, ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚುತ್ತಿದ್ದಳಂತೆ. ನೊವೇನಕ್ಕೆ ಹೊಸಿಲಿನ ಮಾತಿಲ್ಲ, ಮುರಿಯುವ ಮಾತಿಲ್ಲ. ನನ್ನ ಬಾಯಿಂದ ಜಾರಿದ ಒಂಬತ್ತು ಶುಕ್ರವಾರವನ್ನು ಅವಳು ತನಗೆ ಗೊತ್ತಿದ್ದ ನೇಮಕ್ಕೆ ಸೇರಿಸಿ ವ್ರತ ಕಟ್ಟಿಕೊಂಡಿದ್ದಳು.

"ಅಲ್ಲಮ್ಮ, ಹಾಗೇನಿಲ್ಲ. ನಮ್ಮದ್ರಲ್ಲಿ ಹೊಸಿಲು ಗಿಸಿಲು ಇಲ್ಲ. ಡಾಕ್ಟರ್ ಹತ್ರ ಹೋಗ್ಬೇಕು."

ಅವಳು ಪೊರಕೆ ನಿಲ್ಲಿಸಿ ನನ್ನನ್ನೇ ನೋಡಿದಳು. "ನೀವೇ ಹಿಂಗಂದ್ರೆ ಹೆಂಗ್ ಟೀಚರಮ್ಮ? ನಿಮ್ ಸ್ವಾಮಿ ಮೇಲೆ ನಿಮ್ಗೇ ನಂಬ್ಕೆ ಇಲ್ವಾ?"

ಆಗ ಹೇಳಬೇಕಿತ್ತು. ಇಲ್ಲ ಕಣಮ್ಮ, ನಾನು ಒಂದು ವಾರವೂ ಮಾಡಿಲ್ಲ, ಮುರಿಯೋಕೆ ಇಲ್ಲಿ ಏನೂ ಇಲ್ಲ, ಗಂಡನನ್ನು ಆಟೋದಲ್ಲಿ ಹಾಕ್ಕೊಂಡು ಹೋಗು, ಎಂದು. ಅಷ್ಟೇ ಸಾಕಿತ್ತು. ಆದರೆ ನಾನು ಊರಿಗೆಲ್ಲ ಟೀಚರಮ್ಮ. ಪ್ರಾರ್ಥನೆಯ ಮನೆಯವಳು. "ಹಾಗಲ್ಲ..." ಎಂದು ರಾಗ ಎಳೆದು ಒಳಗೆ ಹೋಗಿ ಕಾಫಿಗೆ ಹಾಲಿಟ್ಟೆ. ಮುಂದಿನ ವಾರ ಸಮಾಧಾನವಾಗಿ ಹೇಳಿದರಾಯಿತು ಎಂದುಕೊಂಡೆ. ಮುಂದಿನ ವಾರವೂ ಹಾಗೇ ಎಂದುಕೊಂಡೆ. ಒಂದು ಮಾತಂತೂ ಬರೆಯಲೇಬೇಕು. ಆ ಎರಡು ವಾರ ನನ್ನನ್ನು ಕಾಡಿದ್ದು ಅವನ ಕಾಲಲ್ಲ. ಸತ್ಯ ತಿಳಿದರೆ ಅವಳ ಕಣ್ಣಲ್ಲಿ ನಾನು ಏನಾಗುತ್ತೇನೆ ಎಂಬುದು.

ಇಷ್ಟಾದ ಮೇಲಾದರೂ ನಿಜವಾಗಿ ಪ್ರಾರ್ಥಿಸಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ನಾಲ್ಕನೆಯ ಶುಕ್ರವಾರ ಅವಳು ಕೊಟ್ಟ ಬತ್ತಿಯನ್ನೇ ಹಚ್ಚಿದೆ. ನಾಚಿಕೆಯಿಂದ ಅದರ ಮುಂದೆ ಕೂರಲಾಗಲಿಲ್ಲ. ಅದು ತಾನೇ ಉರಿದು ತಟ್ಟೆಗೆ ಅಂಟಿಕೊಂಡಿತು, ನಾನು ಪಕ್ಕದ ಕೋಣೆಯಲ್ಲಿದ್ದೆ.

ಐದನೆಯ ಶನಿವಾರ ಅವಳು ನೆಲ ಒರೆಸುತ್ತಾ, ಹವಾಮಾನ ಹೇಳಿದ ಹಾಗೆ ಹೇಳಿದಳು. "ಕಾಲು ವಸಿ ವಾಸ್ನೆ ಬತ್ತೈತೆ, ಅಷ್ಟೇ. ಮೈನೂ ಬೆಚ್ಚಗೈತೆ. ಇನ್ನ್ ನಾಕು ವಾರ ತಾನೆ."

ಅವಳು ಹೋದ ಮೇಲೆ ನಾನು ಅನ್ನಕ್ಕೆ ಇಡಲಿಲ್ಲ. ಆಟೋ ಹಿಡಿದು ಚರ್ಚಿಗೆ ಹೋದೆ. ಶನಿವಾರ ಮಧ್ಯಾಹ್ನ ಫಾದರ್ ಪಾಪನಿವೇದನೆಗೆ, ಅಂದರೆ ಬಂದವರ ತಪ್ಪೊಪ್ಪಿಗೆ ಕೇಳಲು, ಕೂರುತ್ತಾರೆ. ಈಗಿನವರು ತೀರ ಚಿಕ್ಕವರು, ನನ್ನ ಶಿಷ್ಯರ ಮಕ್ಕಳ ವಯಸ್ಸು. ಜಾಲರಿಯ ಈಚೆ ಮೊಣಕಾಲೂರಿ, ಎರಡು ವರ್ಷದಿಂದ ಪ್ರಾರ್ಥಿಸಿಲ್ಲ ಎಂಬಲ್ಲಿಂದ ಮೇಣದಬತ್ತಿಯ ತನಕ ಹೇಳಿದೆ. ಅರ್ಧ ಇಂಗ್ಲಿಷಿನಲ್ಲೇ ಹೇಳಿದೆ. ಇಂಗ್ಲಿಷಿನಲ್ಲಿ ಹೇಳಿದರೆ ತಪ್ಪು ಸ್ವಲ್ಪ ದೂರ ನಿಲ್ಲುತ್ತದೆ.

ಅವರು, "ದೇವರು ಕ್ಷಮಿಸ್ತಾನೆ ಅಮ್ಮ. ಅದರಲ್ಲಿ ಕಷ್ಟವೇನಿಲ್ಲ. ಆಯಮ್ಮನಿಗೆ ಹೇಳೋದು ಯಾವಾಗ?" ಎಂದರು.

"ಬುಧವಾರ ಬರ್ತಾಳೆ ಫಾದರ್."

"ಬುಧವಾರ?"

"ಅಥವಾ... ಪ್ರಾಯಶ್ಚಿತ್ತಕ್ಕೆ ನೀವು ಏನಾದ್ರೂ ಪ್ರಾರ್ಥನೆ ಕೊಟ್ರೆ..."

"ಅಮ್ಮ, ಪ್ರಾರ್ಥನೆ ಕೊಡಲ್ಲ. ನೀವು ಬಂದ ಆಟೋ ಹೊರಗಿದೆಯಾ ನೋಡಿ."

ಇತ್ತು. ಅದರಲ್ಲೇ ಹೋದೆ.

ಅವರ ಮನೆ ಊರ ಕೊನೆಯಲ್ಲಿ, ಒಂದೇ ಕೋಣೆ, ಮುಂದೊಂದು ಜಗುಲಿ. ಐದು ವರ್ಷದಿಂದ ಅವಳು ನನ್ನ ಮನೆಯ ಮೂಲೆ ಮೂಲೆ ಬಲ್ಲವಳು. ನಾನು ಅವಳ ಹೊಸಿಲು ತುಳಿದದ್ದು ಅದೇ ಮೊದಲು. ಬಾಗಿಲಲ್ಲೇ ವಾಸನೆ ಬಂತು. ಅವನು ಮಂಚದ ಮೇಲೆ ಗೋಡೆಗೊರಗಿ ಕೂತಿದ್ದ. ಕಣ್ಣು ಕೆಂಪಗಿತ್ತು. ನನ್ನನ್ನು ಕಂಡು ಕೈ ಮುಗಿದು, "ಓಹೋ, ಟೀಚರಮ್ಮನೇ ಬಂದ್ರು. ಲೇ, ಕುರ್ಚಿ ಹಾಕೇ" ಎಂದ.

ನಾನು ಕೂರಲಿಲ್ಲ. ಕೂತರೆ ಕಾಫಿ ಬರುತ್ತದೆ, ಕಾಫಿ ಬಂದರೆ ಮಾತು ತಪ್ಪುತ್ತದೆ. ನಿಂತೇ ಹೇಳಿದೆ. "ನಾನು ಪ್ರಾರ್ಥನೆ ಮಾಡಿಲ್ಲ ಕಣಮ್ಮ. ಒಂದು ಶುಕ್ರವಾರವೂ ಮಾಡಿಲ್ಲ. ಮಾಡ್ದೆ ಅಂತ ಸುಳ್ಳು ಹೇಳ್ದೆ. ಇಲ್ಲಿ ಯಾವ ವ್ರತವೂ ಇಲ್ಲ, ಮುರಿಯೋದೂ ಇಲ್ಲ. ಇವನನ್ನ ಈಗ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಆಟೋ ನಿಂತಿದೆ."

ಅವಳು ಬಯ್ಯುತ್ತಾಳೆಂದು ಕಾದಿದ್ದೆ. ಬಯ್ಯಲಿಲ್ಲ. ಮಗ್ಗಿ ತಪ್ಪಿದ ಮಗು ಮತ್ತೆ ಮೊದಲಿನಿಂದ ಹೇಳಿಕೊಳ್ಳುವ ಹಾಗೆ ಹೆಬ್ಬೆರಳು ಗೆಣ್ಣುಗಳ ಮೇಲೆ ಓಡಿತು. ಐದಕ್ಕೆ ನಿಂತಿತು.

"ಅಂಗಾರೆ ಇಷ್ಟ್ ದಿನ ನಾನೊಬ್ಳೇ ಹೊತ್ತಿದ್ನಾ?" ಎಂದಳು.

ನಾನು ಬಾಗಿಲಿಗೆ ತಿರುಗಿ ಆಟೋದವನನ್ನು ಒಳಗೆ ಕರೆದೆ.

ಮಂಚದ ಮೇಲಿದ್ದವನೇ ಮಾತಾಡಿದ. "ಸುಮ್ಕಿರೇ, ಟೀಚರಮ್ಮನ್ನ ಯಾಕಂತೀಯಾ? ಆಸ್ಪತ್ರೆಗೆ ಹೋಗನ ಕಣೇ ಅಂತ ನಾನೇ ಬಡ್ಕಂಡೆ. ನನ್ ಮಾತು ನಿಂಗೆ ಯಾವತ್ ರುಚಿಸೈತೆ?"

"ನೀನ್ ಬಾಯ್ಮುಚ್ಚು" ಎಂದು ಅವಳು ಅವನ ಕಂಕುಳಿಗೆ ಕೈ ಹಾಕಿ ಎತ್ತಿದಳು. ಆಟೋದವನು ಕಾಲ ಕಡೆ ಹಿಡಿದ. ನಾನು ಮುಂದೆ ಬಂದಾಗ, ನನ್ನ ಮುಖ ನೋಡದೆ, "ನೀವ್ ಬುಡಿ" ಎಂದಳು. ಹೊಸಿಲು ದಾಟುವಾಗ ಒಂದು ಗಳಿಗೆ ತಡೆದು, ಆಮೇಲೆ ದಾಟಿದಳು.

ತಿಪಟೂರಿನಿಂದ ಬೆಂಗಳೂರಿಗೆ ಕಳಿಸಿದರು. ನಾನೂ ಹೋದೆ. ಕರೆಯದಿದ್ದರೂ ಹೋದೆ. ನಂಜು ಮೂಳೆಗಿಳಿದಿತ್ತು. ಡಾಕ್ಟರ್ ಹೆಣ್ಣುಮಗಳು, ತುಂಬ ಸೌಮ್ಯವಾಗಿಯೇ ಹೇಳಿದರು, ಎರಡು ವಾರ ಮುಂಚೆ ಕರೆತಂದಿದ್ದರೆ ಪಾದ ಉಳಿಸಲು ನೋಡಬಹುದಿತ್ತು, ಈಗ ಜೀವ ಉಳಿಸೋಣ ಎಂದು. ಎರಡು ವಾರ. ಮೂರನೆಯ ಶನಿವಾರಕ್ಕೂ ಐದನೆಯ ಶನಿವಾರಕ್ಕೂ ನಡುವೆ ಅಷ್ಟೇ ಇರುವುದು. ನಾನು ಕಾಫಿಗೆ ಹಾಲಿಟ್ಟ ದಿನದಿಂದ ಲೆಕ್ಕ.

ಅವನನ್ನು ಒಳಗೆ ಒಯ್ದರು. ಅವಳು ಬೆಂಚಿನ ಆ ತುದಿಗೆ, ನಾನು ಈ ತುದಿಗೆ. ಎದುರಿನ ಗೋಡೆಯಲ್ಲಿ ಕೈ ತೊಳೆಯುವುದು ಹೇಗೆಂಬ ಚಿತ್ರಗಳಿದ್ದವು. ಅದನ್ನು ನೋಡುತ್ತಾ ಕೂತಿದ್ದಾಗ ನನಗೆ ತಿಳಿಯದೆಯೇ ಒಳಗೆ ಮಾತು ಹೊರಟಿತು. ಜಪಸರದ ಮಾತಲ್ಲ, ಬೋರ್ಡಿಂಗಿನ ಇಂಗ್ಲಿಷೂ ಅಲ್ಲ. ಅಮ್ಮನ ಹತ್ತಿರ ಅಡುಗೆಮನೆಯಲ್ಲಿ ಆಡುತ್ತಿದ್ದ ಕನ್ನಡ. ನಾನು ಸುಳ್ಳು ಹೇಳ್ದೆ ಕಣಪ್ಪ. ಅವಳು ಉಪವಾಸ ಇದ್ಲು, ನಾನು ಚಪಾತಿ ತಿಂದೆ. ನಂಗೆ ಏನೂ ಕೊಡ್ಬೇಡ, ಅವನ ಕಾಲು ಉಳಿಸು.

ಕಾಲು ಉಳಿಯಲಿಲ್ಲ. ಮೊಣಕಾಲಿನ ಕೆಳಗೆ ತೆಗೆದರು. ಆದರೆ ಎರಡು ವರ್ಷದ ಮೇಲೆ ನಾನು ಮಾತಾಡಿದ್ದೆ, ಆ ಕಡೆ ಯಾರೋ ಇದ್ದರು. ಹೇಗೆ ಗೊತ್ತು ಎಂದರೆ ಹೇಳಲು ಬರುವುದಿಲ್ಲ. ನನ್ನ ತಪ್ಪು ಚಿಕ್ಕದಾಗಲಿಲ್ಲ. ಅದನ್ನು ಹಿಡಿದುಕೊಂಡು ಕೂರಲು ಒಂದು ಜಾಗ ಸಿಕ್ಕಿತು. ಎದ್ದು ಓಡಬೇಕೆನಿಸಲಿಲ್ಲ. ಶಾಂತಿ ಎಂದು ನಮ್ಮ ಪುಸ್ತಕಗಳಲ್ಲಿ ಇರುವುದು ಇದೇ ಆಗಿದ್ದರೆ, ಅದು ಸುಖದ ಜಾತಿಯದಲ್ಲ.

ಊರಿಗೆ ಬಂದ ಮೇಲೆ ಅವಳು ಕೆಲಸಕ್ಕೆ ಬರಲಿಲ್ಲ. ಒಂದೂವರೆ ತಿಂಗಳು. ನಾನು ಬೇರೆಯವರನ್ನು ಹುಡುಕಲಿಲ್ಲ. ಡ್ರೆಸ್ಸಿಂಗಿನ ನರ್ಸು ಎರಡು ದಿನಕ್ಕೊಮ್ಮೆ ಮನೆಗೇ ಬರುವ ಹಾಗೆ ಏರ್ಪಾಡು ಮಾಡಿಸಿದ್ದೆ. ಅದನ್ನು ಅವಳು ಬೇಡವೆನ್ನಲಿಲ್ಲ. ಒಂದು ಮಧ್ಯಾಹ್ನ ಹಣ್ಣು ತೆಗೆದುಕೊಂಡು ನಾನೇ ಹೋದೆ. ಅವತ್ತು ನರ್ಸಿಗೆ ರಜೆ. ಅವಳೊಬ್ಬಳೇ ಕಟ್ಟು ಬಿಚ್ಚುತ್ತಿದ್ದಳು. ಅವನು ನನ್ನನ್ನು ನೋಡಿ, "ಬನ್ನಿ ಬನ್ನಿ. ಮರ ಹತ್ತೋದಂತೂ ಇಲ್ಲ, ಚಪ್ಲಿ ಖರ್ಚಾದ್ರೂ ಅರ್ಧ ಉಳೀತು" ಎಂದು ನಕ್ಕ. ಅವಳು ನಗಲಿಲ್ಲ.

"ನಾನು ಈಗ ನಿಜವಾಗ್ಲೂ ಪ್ರಾರ್ಥನೆ ಮಾಡ್ತಿದೀನಿ ಕಣಮ್ಮ" ಎಂದೆ. ಹೇಳಿದ ಕೂಡಲೇ ಎಷ್ಟು ಪೊಳ್ಳಾಗಿ ಕೇಳಿಸಿತು.

"ಪ್ರಾರ್ಥನೆ ಆಮೇಲ್ ಬುಡಿ. ಕೈ ತೊಳ್ಕೊಂಡ್ ಬಂದು ಇದ್ನ ಹಿಡ್ಕಳಿ. ಒಬ್ಳ ಕೈಲಿ ಆಗ್ತಿಲ್ಲ."

ಸೋಪು ಹಚ್ಚಿ ತೊಳೆದು ಬಂದೆ. ಆ ಮೊಂಡು ಕಾಲನ್ನು ಎರಡೂ ಅಂಗೈಯಲ್ಲಿ ಎತ್ತಿ ಹಿಡಿದೆ. ನಾನು ಎಣಿಸಿದ್ದಕ್ಕಿಂತ ಭಾರವಾಗಿತ್ತು, ಬೆಚ್ಚಗಿತ್ತು. ಅವಳು ಹಳೆಯ ಹತ್ತಿ ತೆಗೆದು, ಔಷಧಿ ಹಚ್ಚಿ, ಹೊಸ ಬಟ್ಟೆ ಸುತ್ತಿದಳು. "ಅಲ್ಲಾಡಿಸ್ಬೇಡಿ. ವಸಿ ಮೇಲೆ. ಹಾಂ." ಮೊದಲ ಸಲ ನಾನು ವಿದ್ಯಾರ್ಥಿ, ಅವಳು ಟೀಚರ್. ಮುಗಿಯುವ ತನಕ ನನ್ನೊಳಗೆ ಪ್ರಾರ್ಥನೆ ನಡೆದೇ ಇತ್ತು. ಅದನ್ನು ನಾನು ಅವಳಿಗೆ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಹೊರಡುವಾಗ ಮಾತ್ರ, "ಶುಕ್ರವಾರನೂ ನರ್ಸು ಬರಲ್ಲ" ಎಂದಳು. ಅಂದರೆ ಬಾ ಎಂದು. ಹೋದೆ. ಅದರ ಮುಂದಿನ ಶನಿವಾರ ಅವಳು ನಮ್ಮ ತೋಟಕ್ಕೆ ಬಂದಳು, ಏನೂ ನಡೆದಿಲ್ಲವೆಂಬಂತಲ್ಲ, ನಡೆದದ್ದು ನಮ್ಮಿಬ್ಬರಿಗೂ ಗೊತ್ತಿದೆ ಎಂಬಂತೆ. ಗಾಯ ಮಾಯುವ ತನಕ ಹೀಗೇ ನಡೆಯಿತು. ಈಗ ಅವನು ಜಗುಲಿಯಲ್ಲಿ ಕೂತು ತೆಂಗಿನ ಗರಿಯಿಂದ ಕಡ್ಡಿ ಸೀಳಿ ಪೊರಕೆ ಕಟ್ಟುತ್ತಾನೆ, ಹಾದು ಹೋಗುವವರನ್ನೆಲ್ಲ ರೇಗಿಸುತ್ತಾನೆ. ಎದ್ದು ನಿಲ್ಲುವುದಿಲ್ಲ, ಮುಂದೆಯೂ ನಿಲ್ಲುವುದಿಲ್ಲ.

ಮೊನ್ನೆ ನಾನು ಅವರ ಮನೆಯೊಳಗೆ ಕೂತಿದ್ದಾಗ ಅವಳ ಪಕ್ಕದ ಮನೆಯ ಹೆಂಗಸು ಬಂದಳು. ಆ ಹೆಂಗಸಿನ ಮಗಳಿಗೆ ಮೊದಲ ಹೆರಿಗೆ, ದಿನ ತುಂಬಿದೆ, ಮಗು ಅಡ್ಡಲಾಗಿದೆ ಎಂದು ಸ್ಕ್ಯಾನಿನಲ್ಲಿ ಹೇಳಿದ್ದಾರೆ. ಮರುದಿನ ಬೆಳಗ್ಗೆ ಆಸ್ಪತ್ರೆಗೆ ಸೇರಿಸಬೇಕು. ಅಳುತ್ತಾ ನನ್ನ ಕಡೆ ತಿರುಗಿ, "ನೀವೂ ಒಂದ್ ಮಾತು ನಿಮ್ ದೇವ್ರಿಗೆ ಹೇಳ್ರಮ್ಮ" ಎಂದಳು.

ಹಳೆಯ ಮಾತು ಬಾಯಿಯ ತುದಿಗೆ ಬಂದೇ ಬಂತು. ಅದನ್ನು ನಾನು ತಡೆಯುವ ಮೊದಲೇ, ಮೊರದಲ್ಲಿ ರಾಗಿ ಕೇರುತ್ತಿದ್ದ ಇವಳು ತಲೆಯೆತ್ತದೆ ಅಂದಳು.

"ಅಕ್ಕಯ್ಯ, ಇವರು ಮಾಡ್ತೀನಿ ಅಂದ್ರೆ ಹೂಂ ಅಂದು ಹೋಗ್ಬೇಡ ಕಣೇ. ಇಲ್ಲೇ ಕೂರಿಸ್ಕೊಂಡು ಮಾಡಿಸ್ಕೊ. ಕನ್ನಡ್ದಾಗೆ ಮಾಡಿಸ್ಕೊ, ನಮ್ಗೂ ಗೊತ್ತಾಗ್ಲಿ. ಆಮೇಲೆ ಆಸ್ಪತ್ರೆಗೂ ಹೋಗ್ಬೇಕು, ತಿಳೀತಾ?"

ಜಗುಲಿಯಿಂದ ಅವನ ನಗು ಕೇಳಿಸಿತು. ನನ್ನ ಕಿವಿ ಬಿಸಿಯಾಯಿತು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವಳು ರಾಗಿಯ ಮೊರ ಪಕ್ಕಕ್ಕಿಟ್ಟು, ನನ್ನ ಮಂಡಿನೋವು ಗೊತ್ತಿದ್ದರಿಂದ, ಒಂದು ಗೋಣಿಚೀಲವನ್ನು ಎರಡು ಮಡಿಕೆ ಮಾಡಿ ನೆಲಕ್ಕೆ ಹಾಕಿದಳು. ನಾನು ಗೋಡೆ ಹಿಡಿದು ನಿಧಾನವಾಗಿ ಅದರ ಮೇಲೆ ಮೊಣಕಾಲೂರಿದೆ. ಬಸುರಿಯ ತಾಯಿ ನನ್ನ ಎಡಕ್ಕೆ ಕೂತಳು.

"ಹುಡುಗಿ ಹೆಸರೇನು?" ಎಂದು ಮೊದಲು ಕೇಳಿದೆ. ಅವಳು ಹೇಳಿದಳು. ಕಣ್ಣು ಮುಚ್ಚಿ, ಗಟ್ಟಿಯಾಗಿ ಆ ಹೆಸರಿನಿಂದಲೇ ಶುರುಮಾಡಿದೆ.